1400 ಬೈಟುಗಳ ಕಣಿವೆ

ರಾತ್ರಿ ಒಂದು ಗಂಟೆ ದಾಟಿತ್ತು. ಮೈಸೂರಿನ ಕೃಷ್ಣಮೂರ್ತಿಪುರಂ ಮಲಗಿತ್ತು. ಮಳೆ ಜಡಿಯುತ್ತಿತ್ತು. ಮಹಡಿ ಮೇಲಿನ ಕೋಣೆಯಲ್ಲಿ ಫೋನು ಕಿರುಚಿತು. ನಿಂತಿತು. ಮತ್ತೆ ಕಿರುಚಿತು.

ನನ್ನ ಅಕ್ಕನ ಮಗಳು ಎದ್ದಳು. ದೀಪ ಹಾಕಲಿಲ್ಲ, ನೇರ ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಒಂದು ಸಾಲು ಕೆಂಪಗೆ ಉರಿಯುತ್ತಿತ್ತು. ಐದು ಸರ್ವರುಗಳ ಗುಂಪು ಒಡೆದು ಎರಡಾಗಿದೆ. ಬೆಂಗಳೂರಿನ ಮೂರು ಒಂದು ಕಡೆ, ಮುಂಬೈಯ ಎರಡು ಇನ್ನೊಂದು ಕಡೆ. ಎರಡೂ ಕಡೆ ಜೀವಂತ. ಎರಡೂ ಕಡೆಯವರಿಗೆ ಅತ್ತಲಿನವರು ಸತ್ತಿದ್ದಾರೆಂಬ ನಂಬಿಕೆ.

"ಮಾಮ, ಸ್ವಲ್ಪ ಕಾಫಿ ಮಾಡ್ತೀಯಾ? ಜಾಸ್ತಿನೇ ಮಾಡು" ಅಂದಳು. ಆ ದನಿಯಲ್ಲೇ ನನಗೆ ಗೊತ್ತಾಯಿತು, ಇವತ್ತು ಬೆಳಗಿನವರೆಗೂ ಇದೇ.

ಅವಳ ಕಂಪನಿ ಆಸ್ಪತ್ರೆಗಳಿಗೆ ಔಷಧ ಹಂಚುತ್ತದೆ. ಇನ್ಸುಲಿನ್, ಅರಿವಳಿಕೆ, ಡಯಾಲಿಸಿಸ್ ಸಾಮಾನು. ಆಸ್ಪತ್ರೆಯಲ್ಲಿ ಯಾರೋ ಗುಂಡಿ ಒತ್ತುತ್ತಾರೆ. ಆ ಕೋರಿಕೆ ಒಂದು ಸಂದೇಶವಾಗಿ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಗೋದಾಮಿನ ಸಾಫ್ಟ್‌ವೇರ್ ಒಂದೊಂದನ್ನೇ ಎತ್ತಿಕೊಂಡು, ಕೆಲಸ ಮುಗಿಸಿ, "ಸಿಕ್ಕಿತು, ಮುಗಿಯಿತು" ಎಂದು ಒಪ್ಪಿಗೆ ಕಳಿಸುತ್ತದೆ. ಒಪ್ಪಿಗೆ ಬಂದ ಮೇಲೆ ಮಾತ್ರ ಸಾಲಿನಿಂದ ಆ ಸಂದೇಶ ಅಳಿಯುತ್ತದೆ. ಈ ಸಾಲುಗಳನ್ನು ಕಾಯುವುದು ರ‍್ಯಾಬಿಟ್‌ಎಂಕ್ಯೂ ಎಂಬ ತಂತ್ರಾಂಶ. 2007ರಲ್ಲಿ ಬಂದದ್ದು. ಬರೆದಿರುವುದು ಎರ್ಲಾಂಗ್ ಭಾಷೆಯಲ್ಲಿ. ಎರಿಕ್ಸನ್ ಕಂಪನಿಯ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಗೆಳೆಯರು 1980ರ ದಶಕದಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳಿಗೆಂದೇ ಕಟ್ಟಿದ ಭಾಷೆ ಅದು. ಬೀಳಬಾರದ ವ್ಯವಸ್ಥೆಗಳಿಗಾಗಿ ಹುಟ್ಟಿದ್ದು.

ಬೆಳಗಿನ ಆರಕ್ಕೆ ಬೆಂಗಳೂರಿನ ಗೋದಾಮಿನಿಂದ ವ್ಯಾನುಗಳು ಹೊರಡಬೇಕು. ತಣ್ಣನೆಯ ಪೆಟ್ಟಿಗೆಗಳಲ್ಲಿ ಇನ್ಸುಲಿನ್ ಏರಬೇಕು. ಸಾಲು ಖಾಲಿಯಾಗದಿದ್ದರೆ ಪಟ್ಟಿ ಸಿದ್ಧವಾಗುವುದಿಲ್ಲ. ಪಟ್ಟಿಯಿಲ್ಲದೆ ವ್ಯಾನು ಹೊರಡುವುದಿಲ್ಲ.

ಸಾಲು ಬೆಳೆಯುತ್ತಲೇ ಇತ್ತು.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಮ್ಯಾನೇಜರ್. ಸ್ಪೀಕರಿನಲ್ಲಿ ನಿದ್ದೆಗಣ್ಣಿನ ದನಿ. "ಎಲ್ಲಾ ಒಂದ್ಸಲ ರೀಸ್ಟಾರ್ಟ್ ಹೊಡ್ದುಬಿಡಮ್ಮ. ಸರಿಹೋಗತ್ತೆ."

"ಇಲ್ಲ ಸರ್. ಈಗ ಮಾಡಲ್ಲ."

"ಯಾಕಮ್ಮಾ?"

"ಎರಡು ಕಡೆನೂ ಹೊಸ ಮೆಸೇಜ್ ಬಂದಿದೆ ಸರ್. ರೀಸ್ಟಾರ್ಟ್ ಮಾಡಿದ್ರೆ ಒಂದು ಕಡೇದು ಅಳಿಸಿಹೋಗತ್ತೆ."

ಇದನ್ನು ಬಿಡಿಸಿ ಹೇಳಬೇಕು, ಆ ರಾತ್ರಿಯ ಅಪಾಯವೆಲ್ಲ ಇಲ್ಲೇ ಅಡಗಿತ್ತು. ಒಡೆದ ಗುಂಪು ಮತ್ತೆ ಸೇರುವಾಗ ರ‍್ಯಾಬಿಟ್‌ಎಂಕ್ಯೂ ಎರಡೂ ಕಡೆಯ ಸಂದೇಶಗಳನ್ನು ಬೆರೆಸುವುದಿಲ್ಲ. ಅವಳ ಕಂಪನಿಯ ಹೊಂದಿಕೆಯಲ್ಲಿ, ಯಾವ ಕಡೆಯನ್ನು ನಂಬಬೇಕೆಂದು ಮನುಷ್ಯರೇ ಹೇಳಬೇಕು. ನಂಬದ ಕಡೆಯನ್ನು ನಿಲ್ಲಿಸಿ ಮತ್ತೆ ಏಳಿಸಬೇಕು. ಎದ್ದಾಗ ಅದು ತನ್ನದೆಲ್ಲವನ್ನೂ ಮರೆತು, ನಂಬಿದ ಕಡೆಯದನ್ನು ನಕಲು ಮಾಡಿಕೊಳ್ಳುತ್ತದೆ. ಒಡೆದ ಹೊತ್ತಿನಲ್ಲಿ ಅಲ್ಲಿ ಬಂದಿದ್ದ ಕೋರಿಕೆ? ಹೋಯಿತು. ಕಳಿಸಿದ ಆಸ್ಪತ್ರೆಗೆ "ಸ್ವೀಕರಿಸಿದ್ದೇವೆ" ಎಂಬ ಉತ್ತರ ಹೋಗಿರುತ್ತದೆ. ಔಷಧ ಮಾತ್ರ ಹೋಗುವುದಿಲ್ಲ.

ಅಂಥ ಹೊತ್ತಿನಲ್ಲಿ ರೀಸ್ಟಾರ್ಟ್ ಒತ್ತುವುದು ಅತಿ ಸುಲಭ. ಒತ್ತದೆ ಕೂರುವುದಕ್ಕೆ ಎದೆ ಬೇಕು. ಅವಳು ಒತ್ತಲಿಲ್ಲ. ಬೇರು ಹುಡುಕಲು ಇಳಿದಳು.

ಮುಂಬೈ ಡೇಟಾ ಸೆಂಟರಿಗೆ ಫೋನು ಹಚ್ಚಿದಳು. ರಾತ್ರಿ ಪಾಳಿಯಲ್ಲಿದ್ದವರು ಹುಬ್ಬಳ್ಳಿ ಕಡೆಯವರು. ಅದೃಷ್ಟ ಅಂದರೆ ಇದು.

"ಅಣ್ಣಾ, ನಮ್ಮ ರ‍್ಯಾಕ್ ಹೇಗಿದೆ?"

"ಎಲ್ಲಾ ಹಸಿರು ದೀಪಾನ ಅದಾವ್ರಿ ಮೇಡಂ. ಏನೂ ಬಿದ್ದಿಲ್ಲ. ಖರೇ ಹೇಳ್ಬೇಕಂದ್ರ, ಬೆಂಗಳೂರಿನ ದೊಡ್ಡ ಲಿಂಕ್ ಕಟ್ ಆಗೇದ. ದಾರ್ಯಾಗ ಎಲ್ಲೋ ಕೇಬಲ್ ಕಡದಾರಂತ. ಈಗ ಬ್ಯಾಕಪ್ ಲಿಂಕ್ ಮ್ಯಾಲೆ ನಡದೇತಿ."

ನೆಲ ಅಗೆಯುವ ಯಂತ್ರದ ಕೆಲಸವೇ ಇರಬೇಕು! ಇದನ್ನು ಕಡೆಗಣಿಸುವಂತಿಲ್ಲ. 2021ರ ಫೆಬ್ರುವರಿ 24ರಂದು ದೇಶದ ಅತಿ ದೊಡ್ಡ ಷೇರುಪೇಟೆ ಎನ್‌ಎಸ್‌ಇ ಬೆಳಗ್ಗೆ 11.40ಕ್ಕೆ ಸ್ತಬ್ಧವಾಯಿತು. ವಹಿವಾಟು ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಅದರ ಮುಖ್ಯ ಕೇಂದ್ರಕ್ಕೂ ಪಕ್ಕದ ತುರ್ತು ಕೇಂದ್ರಕ್ಕೂ ನಡುವಿನ ತಂತಿಗಳು ಕೈಕೊಟ್ಟಿದ್ದವು. ಕಂಪನಿಗಳು ಎರಡು, ತಂತಿಗಳು ಬೇರೆಬೇರೆ, ಆದರೂ ತಪ್ಪಲಿಲ್ಲ. ರಸ್ತೆ ಬದಿಯ ಅಗೆತ ಇದಕ್ಕೆ ಕಾರಣವೆಂದು ಷೇರುಪೇಟೆಯೇ ಆಮೇಲೆ ಹೇಳಿತು. ಒಂದೇ ಊರಿನೊಳಗಿನ ಹಾದಿಯಲ್ಲೇ ಹೀಗಾದರೆ, ಬೆಂಗಳೂರಿನಿಂದ ಮುಂಬೈಗೆ ಸುಮಾರು ಸಾವಿರ ಕಿಲೋಮೀಟರ್. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ. ಘಟ್ಟ, ನದಿ, ಹೆದ್ದಾರಿ ಅಗಲೀಕರಣ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡು. ಸ್ವಿಚ್ಚು, ರೂಟರು, ಬಳಸುದಾರಿ ಸೇರಿದರೆ ಇನ್ನೂ ಎಷ್ಟೋ ಹೆಚ್ಚು.

ಆ ಸಾವಿರ ಕಿಲೋಮೀಟರಿನ ಮೇಲೆ ಒಂದೇ ಗುಂಪನ್ನು ಹಾಸಿದ್ದರು! ರ‍್ಯಾಬಿಟ್‌ಎಂಕ್ಯೂ ಕೈಪಿಡಿ ಸ್ಪಷ್ಟವಾಗಿ ಬೇಡವೆನ್ನುತ್ತದೆ. ಒಂದು ಗುಂಪಿನ ಯಂತ್ರಗಳು ಒಂದೇ ಸ್ಥಳೀಯ ಜಾಲದಲ್ಲಿರಲಿ, ಊರಿಂದೂರಿಗೆ ಶವಲ್ ಅಥವಾ ಫೆಡರೇಷನ್ ಎಂಬ ಬೇರೆ ದಾರಿ ಬಳಸಿ ಎನ್ನುತ್ತದೆ. ಇದು ಅವಳು ಸೇರುವ ಮೊದಲೇ ಯಾರೋ ಕಟ್ಟಿಟ್ಟು ಹೋದದ್ದು. ಈ ರಾತ್ರಿ ಅದರ ಲೆಕ್ಕ ಚುಕ್ತಾ ಮಾಡುವ ಸರದಿ ಅವಳದು.

ಆದರೆ ಒಂದು ಒಗಟು. ಬ್ಯಾಕಪ್ ಲಿಂಕ್ ನಡೆಯುತ್ತಿದೆ. ಹಾಗಿದ್ದರೆ ಗುಂಪು ಒಡೆದದ್ದೇಕೆ?

ಪಿಂಗ್ ಹೊಡೆದಳು. ಉತ್ತರ ಬಂತು. 41 ಮಿಲಿಸೆಕೆಂಡು. ಮತ್ತೆ. 41. ಮತ್ತೆ. 42. ಒಂದೂ ತಪ್ಪಲಿಲ್ಲ.

ಲಾಗ್ ತೆರೆದಳು. ಸಾಲುಗಳು ಧುಮ್ಮಿಕ್ಕಿದವು. ಮುಂಬೈ ಸೇರಿತು. ಒಂದು ನಿಮಿಷದಲ್ಲಿ ಬಿತ್ತು. ಸೇರಿತು. ಬಿತ್ತು. ಗಡಿಯಾರ ಇಟ್ಟು ಹೊಡೆದ ಹಾಗೆ, ನಿಮಿಷಕ್ಕೊಂದು ಸಾವು.

"ಒಂದು ನಿಮಿಷ" ಅಂತ ಗೊಣಗಿದಳು. ಅವಳ ಬೆರಳು ನಿಂತಿತು. ಎರ್ಲಾಂಗ್ ಯಂತ್ರಗಳು ಒಂದಕ್ಕೊಂದು "ಇದ್ದೀಯಾ?" ಎಂದು ತಟ್ಟುತ್ತಲೇ ಇರುತ್ತವೆ. ಸುಮಾರು 60 ಸೆಕೆಂಡು ಆ ಕಡೆಯಿಂದ ಏನೂ ಬಾರದಿದ್ದರೆ ಸತ್ತಿತೆಂದು ತೀರ್ಮಾನ. ಅಂದರೆ ಸೇರಿದ ಕೂಡಲೇ ಏನೋ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದೆ. ಏನು?

ಬೆಂಗಳೂರಿನ ದ್ವಾರಯಂತ್ರದಿಂದ ಮುಂಬೈಯ ನಾಲ್ಕನೇ ಸರ್ವರಿಗೆ ಲಾಗಿನ್ ಆಗಲು ನೋಡಿದಳು. ಸಂಪರ್ಕ ಸಿಕ್ಕಿತು. ಕರ್ಸರ್ ಮಿನುಗಿತು. ಕೀಲಿ ವಿನಿಮಯದ ಹಂತದಲ್ಲಿ ಹೆಪ್ಪುಗಟ್ಟಿತು. ಮತ್ತೆ ನೋಡಿದಳು. ಅದೇ ಜಾಗ. ಅದೇ ಮೌನ.

ಅವಳು ಕುರ್ಚಿಯಲ್ಲಿ ನೆಟ್ಟಗಾದಳು. "ಮಾಮ, ಸಣ್ಣದು ಹೋಗ್ತಿದೆ. ದೊಡ್ಡದು ಹೋಗ್ತಿಲ್ಲ!"

ಅಷ್ಟರಲ್ಲಿ ಕರೆಂಟು ಹೋಯಿತು.

ಮನೆ ಯುಪಿಎಸ್ ಎದ್ದಿತು. ಮೂರು ಸಲ ಕೀಚ್ ಎಂದಿತು. ಹಳೇ ಬ್ಯಾಟರಿ. ಆ ಕೀಚು ನನಗೆ ಪರಿಚಿತ. ಹೆಚ್ಚು ಹೊತ್ತು ಬಾಳುವುದಿಲ್ಲ. ಕತ್ತಲಲ್ಲಿ ತಡಕಾಡಿದೆ. ಫ್ಯಾನು ಆರಿಸಿದೆ. ದೇವರ ಮನೆ ದೀಪ ಆರಿಸಿದೆ. ನೀರಿನ ಫಿಲ್ಟರ್ ಕಿತ್ತೆ. ಮಹಡಿ ಮೆಟ್ಟಿಲ ಬಲ್ಬು ಕಿತ್ತೆ. ಇಡೀ ಮನೆಯಲ್ಲಿ ಉಳಿದದ್ದು ಇಂಟರ್‌ನೆಟ್ ಪೆಟ್ಟಿಗೆ ಒಂದೇ. ಅದರ ಹಸಿರು ಕಣ್ಣು ಮಿಟುಕಿತು, ಕೆಂಪಾಯಿತು, ಆರಿತು. ಬೀದಿ ಕೊನೆಯ ಪೆಟ್ಟಿಗೆಗೂ ಕರೆಂಟು ಹೋಗಿರಬೇಕು.

ಮೊಬೈಲ್ ಹಾಟ್‌ಸ್ಪಾಟ್! ಕೋಣೆಯೊಳಗೆ ಒಂದು ಕಡ್ಡಿ ಸಿಗ್ನಲ್. ಕಿಟಕಿ ಬಳಿ ಎರಡು. ಅವಳು ಬಾಗಿಲು ತಳ್ಳಿ ತಾರಸಿಗೆ ಓಡಿದಳು. ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಮೂರು ಕಡ್ಡಿ. ಸಿಮೆಂಟ್ ಕಟ್ಟೆ ಮೇಲೆ ಲ್ಯಾಪ್‌ಟಾಪ್. ಅದರ ಮೇಲೆ ನಾನು ಹಿಡಿದ ಕೊಡೆ. ಮಳೆ ಅಡ್ಡಕ್ಕೆ ಬೀಸುತ್ತಿತ್ತು. ಚಾಮುಂಡಿ ಬೆಟ್ಟದ ದೀಪಗಳೂ ಕಾಣಲಿಲ್ಲ. ಅವಳ ಬೆನ್ನು ತೊಯ್ದಿತು. ಕೀಲಿಮಣೆ ಒಣಗಿತ್ತು.

ಎಲ್ಲಾ ಕೆಲಸ ಹೋಯಿತೇ? ಇಲ್ಲ. ಅವಳು ಟಿಮಕ್ಸ್ ಒಳಗೆ ಕೂತಿದ್ದಳು. ಅದು ದೂರದ ಯಂತ್ರದಲ್ಲೇ ಕಿಟಕಿಗಳನ್ನು ತೆರೆದಿಟ್ಟು ಕಾಯುತ್ತದೆ. ಇತ್ತ ಮನೆ ಮುಳುಗಿದರೂ ಅತ್ತ ಬಿಟ್ಟ ಸಾಲು ಬಿಟ್ಟಲ್ಲೇ ಇರುತ್ತದೆ. ಮರಳಿ ಸೇರಿದಳು. ಕರ್ಸರ್ ಅಲ್ಲೇ ಕಾದಿತ್ತು.

ಈಗ ಬೇಟೆ. ಪಿಂಗ್‌ಗೆ ಭಾರ ಹೊರಿಸಿದಳು. "ದಾರಿಯಲ್ಲಿ ತುಂಡರಿಸಬೇಡ" ಎಂಬ ಆಜ್ಞೆ ಜೊತೆಗೆ. 1472 ಬೈಟು. ಅದಕ್ಕೆ 28 ಬೈಟುಗಳ ಶಿರೋನಾಮೆ ಸೇರಿದರೆ 1500, ಈಥರ್ನೆಟ್ಟಿನ ಮಾಮೂಲು ಮಿತಿ.

ಮೌನ.

1400. ಮೌನ.

1300. ಉತ್ತರ ಬಂತು!

1350. ಬಂತು. 1380. ಮೌನ. 1372. ಬಂತು. 1373. ಮೌನ.

1372ಕ್ಕೆ 28 ಕೂಡಿಸಿ. 1400. ಬ್ಯಾಕಪ್ ಲಿಂಕ್ ಒಂದು ಗೂಢಲಿಪಿ ಸುರಂಗ. ತನ್ನ ಬೀಗದ ಹೊದಿಕೆಗೆ ಅದು ಪ್ರತಿ ಪೊಟ್ಟಣದಲ್ಲೂ ಜಾಗ ಕಸಿಯುತ್ತದೆ. 1400 ಬೈಟಿಗಿಂತ ದಪ್ಪನೆಯದು ಆ ಕಣಿವೆಯಲ್ಲಿ ತೂರುವುದಿಲ್ಲ. ತೂರದಿದ್ದಾಗ "ಸಣ್ಣದಾಗಿ ಕಳಿಸು" ಎಂಬ ಸೂಚನೆ ವಾಪಸ್ ಬರಬೇಕು. ನಡುವೆ ಯಾವುದೋ ಫೈರ್‌ವಾಲ್ ಅದನ್ನೂ ನುಂಗುತ್ತಿತ್ತು. ಕಳಿಸಿದವನಿಗೆ ಸುಳಿವೇ ಇಲ್ಲ. ಮತ್ತೆ ಕಳಿಸುತ್ತಾನೆ, ಮತ್ತೆ ಕಳೆಯುತ್ತದೆ. ಎರ್ಲಾಂಗ್ ಯಂತ್ರಗಳ ನಡುವೆ ಇರುವುದು ಒಂದೇ ಸಂಪರ್ಕ. ಪುಟ್ಟ "ಇದ್ದೀಯಾ?" ಕೂಡ ಅದೇ ದಾರಿಯಲ್ಲಿ, ಸಿಕ್ಕಿಕೊಂಡ ದಡಿಯ ಸಂದೇಶದ ಹಿಂದೆ ಉಸಿರುಗಟ್ಟಿ ನಿಲ್ಲುತ್ತದೆ. 60 ಸೆಕೆಂಡು. ಸಾವು. ಮತ್ತೆ ಕೈಕುಲುಕು, ಅದು ಸಣ್ಣದು, ತೂರುತ್ತದೆ. ಸೇರ್ಪಡೆ. ಮತ್ತೆ ದಡಿಯ ಸಂದೇಶ. ಮತ್ತೆ ಸಾವು.

ಹಸಿರು ದೀಪಗಳೆಲ್ಲ ಹಸಿರಾಗೇ ಇದ್ದವು. ಪಿಂಗ್ ನಗುತ್ತಿತ್ತು. ಕೊಲೆಗಾರ ಸಿಕ್ಕಿದ್ದ.

ಸಂಭ್ರಮಕ್ಕೆ ಪುರುಸೊತ್ತಿರಲಿಲ್ಲ. ಹೊಸ ಎಚ್ಚರಿಕೆ ಮೊಳಗಿತು. ಬೆಂಗಳೂರಿನ ಮೂರನೇ ಯಂತ್ರದ ಡಿಸ್ಕ್ ತುಂಬುತ್ತಿದೆ.

ಸಂದೇಶಗಳು ಡಿಸ್ಕಿಗೆ ಇಳಿಯುತ್ತಿದ್ದವು. ಲಾಗ್ ಕಡತ ಉಬ್ಬುತ್ತಿತ್ತು. ಖಾಲಿ ಜಾಗ ಕಂಪನಿಯವರು ಹಾಕಿದ್ದ ಮಿತಿಗಿಂತ ಕೆಳಗಿಳಿದರೆ ರ‍್ಯಾಬಿಟ್‌ಎಂಕ್ಯೂ ಕಳಿಸುವವರನ್ನೆಲ್ಲ ತಡೆದು ನಿಲ್ಲಿಸುತ್ತದೆ. ಒಂದು ಯಂತ್ರದ ಡಿಸ್ಕ್ ತುಂಬಿದರೂ ಇಡೀ ಗುಂಪಿಗೇ ತಡೆ. ಅಂದರೆ ಆಸ್ಪತ್ರೆಗಳ ಹೊಸ ಕೋರಿಕೆಗಳಿಗೆ ಬಾಗಿಲು ಬಂದ್.

ಖಾಲಿ ಜಾಗ ತೋರಿಸುವ ಕಂಬಿಯಲ್ಲಿ ಉಳಿದದ್ದು ಬೆರಳಗಲ. ಅವಳು ಡಿಸ್ಕಿನಲ್ಲಿ ಎಲ್ಲಿ ಏನು ಕೂತಿದೆಯೆಂದು ಜಾಲಾಡಿದಳು. ಸಂದೇಶಗಳ ಕಡತ ಮುಟ್ಟುವಂತಿಲ್ಲ. ಈಗಿನ ಲಾಗ್ ಬೇಕು. ಹಾಗಾದರೆ ಏನು? ಕೆಳಗಿಳಿದಳು, ಇನ್ನೂ ಕೆಳಗೆ. ಎರ್ಲಾಂಗ್ ಎಂದೋ ಕುಸಿದಾಗ ಬರೆದಿಟ್ಟು ಹೋದ ಹಳೇ ಶವಪರೀಕ್ಷೆ ಕಡತ ಅಲ್ಲಿ ಬಿದ್ದಿತ್ತು. ತಿಂಗಳುಗಳ ಹಿಂದಿನದು. ಹಲವು ಗಿಗಾಬೈಟು. ಯಾರೂ ತಿರುಗಿ ನೋಡಿರಲಿಲ್ಲ.

ಅಳಿಸಿದಳು. ಕಂಬಿ ಜಿಗಿಯಿತು. ಎಚ್ಚರಿಕೆಯ ಗಂಟೆ ನಿಂತಿತು.

ಕೊಡೆ ಹಿಡಿದ ನನ್ನ ಕೈ ಜೋಮು ಹಿಡಿದಿತ್ತು. ಬದಲಾಯಿಸಿದೆ. ಅವಳು ಗಮನಿಸಲೇ ಇಲ್ಲ.

ಮುಂದಿನದು ಇನ್ನೂ ಅಪಾಯದ ಹೆಜ್ಜೆ. ಯಂತ್ರಗಳಿಗೆ "ಮುಂಬೈ ಕಡೆಗೆ 1400ಕ್ಕಿಂತ ದೊಡ್ಡದು ಕಳಿಸಬೇಡಿ" ಎಂದು ಕಲಿಸಬೇಕು. ಅಂದರೆ ದಾರಿಪಟ್ಟಿಯನ್ನೇ ತಿದ್ದಬೇಕು. ಒಂದಕ್ಷರ ತಪ್ಪಿದರೆ ತಾನು ಕೂತ ಯಂತ್ರವೇ ಕೈತಪ್ಪುತ್ತದೆ. ನೆಟ್‌ವರ್ಕ್ ತಂಡದವರು ಕೇಬಲ್ ಕಂಪನಿಯ ಜೊತೆ ಇನ್ನೊಂದು ಕರೆಯಲ್ಲಿ ಗುದ್ದಾಡುತ್ತಿದ್ದರು. ಒಪ್ಪಿಗೆ ಕೊಟ್ಟರು, ಕೈ ಕೊಡಲಾಗಲಿಲ್ಲ.

ಇಲ್ಲಿ ಅವಳು ಮಾಡಿದ್ದನ್ನು ನೋಡಿ ನಾನು ಬೆರಗಾದೆ. ಮೊದಲು ತಿದ್ದಲಿಲ್ಲ. ಮೊದಲು ಬಿಡುಗಡೆಯ ಆಜ್ಞೆ ಬರೆದಳು. ಐದು ನಿಮಿಷ ಕಾಯಿ, ನಾನು ಬಂದು ತಡೆಯದಿದ್ದರೆ ಹಳೇ ದಾರಿಪಟ್ಟಿಯನ್ನು ತಾನಾಗೇ ಹಾಕಿಬಿಡು. ಬಾವಿಗಿಳಿಯುವವರು ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟುತ್ತಾರಲ್ಲ, ಹಾಗೆ. ಆಮೇಲೆ ತಿದ್ದಿದಳು. ಎಂಟರ್.

ಪರದೆ ನಿಂತಿತು.

ಅಕ್ಷರ ಒತ್ತಿದಳು. ಮೂಡಲಿಲ್ಲ. ಮಳೆ ಕೊಡೆ ಮೇಲೆ ತಮಟೆ ಬಾರಿಸುತ್ತಿತ್ತು. ಹತ್ತು ಸೆಕೆಂಡು. ಇಪ್ಪತ್ತು. ಮೊಬೈಲಿನ ಕಡ್ಡಿ ಮೂರರಿಂದ ಒಂದಕ್ಕೆ ಇಳಿದಿತ್ತು. ತಪ್ಪಿದ್ದು ದಾರಿಪಟ್ಟಿಯೋ, ಸಿಗ್ನಲ್ಲೋ?

ಫೋನನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದಳು. ಎರಡು ಕಡ್ಡಿ. ಅಕ್ಷರಗಳು ಒಟ್ಟಿಗೆ ಧಡಧಡ ಬಿದ್ದವು. ಯಂತ್ರ ಬದುಕಿತ್ತು! ಬಿಡುಗಡೆಯ ಆಜ್ಞೆಯನ್ನು ರದ್ದು ಮಾಡಿದಳು. ಮುಂಬೈಗೆ ಲಾಗಿನ್ ಹೊಡೆದಳು. ಕೀಲಿ ವಿನಿಮಯ ದಾಟಿತು. ಬಾಗಿಲು ತೆರೆಯಿತು.

ನಾಲ್ಕನೇ ಯಂತ್ರದೊಳಗೆ ನಿಂತಿದ್ದಳು. ಐದನೆಯದನ್ನು ತಟ್ಟಿದಳು. ಉತ್ತರವಿಲ್ಲ.

ಅತ್ತಲಿನ ಕೋಣೆಯಲ್ಲಿ ಹುಬ್ಬಳ್ಳಿಯವರು ತಳ್ಳುಗಾಡಿ ಎಳೆದರು. ಅದರ ಮೇಲೆ ಒಂದು ಮಾನಿಟರ್, ಒಂದು ಕೀಲಿಮಣೆ. ಎರಡು ಸಾಲು ರ‍್ಯಾಕುಗಳ ನಡುವಿನ ಓಣಿ. ತಣ್ಣನೆ ಗಾಳಿಯ ಮೊರೆತ ನಮ್ಮ ತಾರಸಿಯವರೆಗೂ ಕೇಳಿಸುತ್ತಿತ್ತು. ಅವರು ಕೂಗಿಯೇ ಮಾತಾಡುತ್ತಿದ್ದರು.

"ಪರದೆ ಮ್ಯಾಲೆ ಮೆಮೊರಿ ಇಲ್ಲಾ ಅಂತ ಬರಾಕತ್ತೇತ್ರಿ ಮೇಡಂ! ಪವರ್ ಬಟನ್ ಒತ್ತಲೇನು?"

"ಬೇಡ ಅಣ್ಣಾ! ಮುಟ್ಟಬೇಡಿ ಅದನ್ನ!"

ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕಾರಣವಿತ್ತು. ಆ ರಾತ್ರಿಯ ರವಾನೆ ಸಾಲಿಗೆ ಮುಂಬೈ ಕಡೆಯ ಯಜಮಾನ ಈ ಐದನೇ ಯಂತ್ರ. ನಾಲ್ಕನೆಯದರಲ್ಲಿದ್ದ ಪ್ರತಿ ಇನ್ನೂ ಪೂರ್ತಿ ಹೊಂದಿಕೊಂಡಿರಲಿಲ್ಲ. ಯಜಮಾನ ಈಗ ಬಿದ್ದರೆ ಅರೆಬರೆ ಪ್ರತಿ ಪಟ್ಟಕ್ಕೇರುತ್ತದೆ. ಹೊಂದದ ಸಂದೇಶಗಳು ಮಣ್ಣು.

ಅವರು ಬೆರಳು ಹಿಂತೆಗೆದರು. ಹೆಸರು ಒತ್ತಿದರು. ಗುಪ್ತಪದ ಒತ್ತಿದರು. ಯಂತ್ರ ಏದುಸಿರು ಬಿಡುತ್ತಿತ್ತು, ಒಂದೊಂದು ಅಕ್ಷರ ಮೂಡಲೂ ಎಣಿಸುವಷ್ಟು ಹೊತ್ತು. ಅವಳು ಆಜ್ಞೆಯನ್ನು ಅಕ್ಷರಕ್ಕಕ್ಷರ ಬಿಡಿಸಿ ಹೇಳಿದಳು. ಅವರು ತಿರುಗಿ ಹೇಳಿ ಒತ್ತಿದರು. "ಪಿ." "ಪಿ." "ಎಸ್." "ಎಸ್." "ಒಂದು ಖಾಲಿ ಜಾಗ." "ಆತ್ರಿ." ಪಟ್ಟಿ ಮೂಡಿತು. ಉಕ್ಕಿದ ಲಾಗ್ ಕಡತಗಳನ್ನು ಅಡಕಗೊಳಿಸಲು ಹೊರಟ ಒಂದು ಪುಟ್ಟ ಕಾರ್ಯಕ್ರಮ ಮೆಮೊರಿಯನ್ನೆಲ್ಲ ನುಂಗಿ ಕೂತಿತ್ತು. ಅದರ ಸಂಖ್ಯೆ ಓದಿದರು. ಅವಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಒಂದಂಕಿ ಆಚೀಚೆಯಾದರೆ ಸಾಯುವುದು ರ‍್ಯಾಬಿಟ್‌ಎಂಕ್ಯೂ.

"ಹೊಡೀರಿ ಅಣ್ಣಾ."

"ಹೊಡದೆ!"

ಫ್ಯಾನುಗಳ ಮೊರೆತ. ಏನೂ ಇಲ್ಲ. ಆಮೇಲೆ ಒಂದು ನಗು. "ಬಂತ್ ನೋಡ್ರಿ ಮೇಡಂ! ಉಸಿರು ಬಂತು!"

ಐದೂ ಯಂತ್ರಗಳು ಕೈಗೆ ಸಿಕ್ಕಿದವು. 1400ರ ಪಾಠ ಐದಕ್ಕೂ ಹೇಳಿಯಾಯಿತು. ನಿಮಿಷಕ್ಕೊಂದು ಸಾವು ನಿಂತಿತು. ಆದರೆ ಬಿರುಕು ಹಾಗೇ ಇತ್ತು. ದಾರಿ ಸರಿಹೋದ ಮಾತ್ರಕ್ಕೆ ಗುಂಪು ಒಂದಾಗುವುದಿಲ್ಲ. ಯಾರನ್ನು ನಂಬಬೇಕು?

ಇದು ಎಂಥ ಪ್ರಶ್ನೆಯೆಂದು ತಿಳಿಯಲು ಗಿಟ್‌ಹಬ್ ಕಂಪನಿಯ ಕಥೆ ಸಾಕು. 2018ರ ಅಕ್ಟೋಬರ್ 21, ಜಾಗತಿಕ ಸಮಯ ರಾತ್ರಿ 10.52. ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಳಾದ 100 ಗಿಗಾಬಿಟ್ ಬೆಳಕುತಂತಿ ಉಪಕರಣ ಬದಲಾಯಿಸುತ್ತಿದ್ದರು. ಜಾಲ ಕೇಂದ್ರಕ್ಕೂ ಮುಖ್ಯ ಡೇಟಾ ಸೆಂಟರಿಗೂ ನಡುವೆ ಸಂಪರ್ಕ ತಪ್ಪಿತು. ಬರೀ 43 ಸೆಕೆಂಡು! ಅಷ್ಟರೊಳಗೆ ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮ ಕರಾವಳಿಯ ದತ್ತಾಂಶ ಯಂತ್ರಗಳಿಗೆ ಪಟ್ಟ ಕಟ್ಟಿಬಿಟ್ಟಿತು. ಪೂರ್ವದಲ್ಲಿ ಬರೆದ ಕೆಲವು ಸಾಲು ಪಶ್ಚಿಮದಲ್ಲಿಲ್ಲ, ಪಶ್ಚಿಮದಲ್ಲಿ ಆಮೇಲೆ ಬರೆದದ್ದು ಪೂರ್ವದಲ್ಲಿಲ್ಲ. ಅವರ ಅತಿ ಬಿಡುವಿಲ್ಲದ ಗುಂಪುಗಳಲ್ಲೊಂದರಲ್ಲಿ ಹಾಗೆ ಅತಂತ್ರವಾದ ಬರಹಗಳು 954. ವೇಗಕ್ಕಿಂತ ದತ್ತಾಂಶ ಮುಖ್ಯವೆಂದು ತಂಡ ಪಟ್ಟು ಹಿಡಿಯಿತು. 43 ಸೆಕೆಂಡಿನ ಗಾಯ ಮಾಯಲು 24 ಗಂಟೆ 11 ನಿಮಿಷ ಹಿಡಿಯಿತು. ಅಷ್ಟರಲ್ಲಿ ಸಾಲುಗಟ್ಟಿ ನಿಂತ ವೆಬ್‌ಹುಕ್ ಸಂದೇಶಗಳು 50 ಲಕ್ಷ ಮೀರಿದ್ದವು. ಅವುಗಳಲ್ಲಿ ಸುಮಾರು 2 ಲಕ್ಷ ಆಯಸ್ಸು ತೀರಿ ಬಿದ್ದುಹೋದವು.

ಗಿಟ್‌ಹಬ್ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು. ಅವಳು ಆ ವರದಿಯನ್ನು ಕಂಠಪಾಠ ಅನ್ನುವಷ್ಟು ಓದಿದ್ದಳು. ಎನ್‌ಐಇ ಕಾಲೇಜಿನ ಹಳೆಯ ವಿದ್ಯಾರ್ಥಿನಿ ಅವಳು. ನಮ್ಮ ಬಡಾವಣೆಗೆ ಹತ್ತಿರದ ಕಾಲೇಜು, 1946ರದು, ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 1967ರಲ್ಲಿ ಇಂಜಿನಿಯರಾಗಿ ಹೊರಬಿದ್ದದ್ದು ಅಲ್ಲಿಂದಲೇ. ಅಲ್ಲಿ ಕಲಿತ ವಿದ್ಯೆ ಒಂದು ತೂಕ. ಬೇರೆಯವರ ಸೋಲಿನ ವರದಿಗಳನ್ನು ಕೂತು ಓದಿ ಅರಗಿಸಿಕೊಂಡದ್ದು ಇನ್ನೊಂದು ತೂಕ. ಆ ರಾತ್ರಿ ಕೈಹಿಡಿದದ್ದು ಎರಡನೆಯದೇ ಎಂದು ನಾನು ಖಂಡಿತ ಹೇಳುತ್ತೇನೆ.

ಗಂಟೆ ನಾಲ್ಕು ದಾಟಿತು. ವ್ಯಾನುಗಳಿಗೆ ಎರಡು ಗಂಟೆಯೂ ಇಲ್ಲ.

ತೀರ್ಮಾನ ಅವಳದೇ. ಬೆಂಗಳೂರನ್ನು ನಂಬುವುದು, ಮೂರು ಯಂತ್ರ, ಹೆಚ್ಚು ಕೋರಿಕೆ. ಮುಂಬೈಯ ಎರಡನ್ನು ಕೈಯಾರೆ ನಿಲ್ಲಿಸುವುದು. ಆದರೆ ನಿಲ್ಲಿಸುವ ಮೊದಲು ಅದರ ಒಡಲಲ್ಲಿದ್ದ ಒಂದೊಂದು ಸಂದೇಶವನ್ನೂ ಹೊರಗೆ ತೆಗೆಯುವುದು.

ಮೊದಲು ಫೈರ್‌ವಾಲಿನಲ್ಲಿ 5672ನೇ ದ್ವಾರ ಮುಚ್ಚಿಸಿದಳು. ಮುಂಬೈಗೆ ಹೊಸ ಸಂದೇಶ ಬರುವುದು ನಿಂತಿತು. ಅದೇ ಕೋಣೆಯಲ್ಲಿ ಪರೀಕ್ಷೆಗೆಂದು ಬಿದ್ದಿದ್ದ ಒಂಟಿ ಸರ್ವರ್ ಎಬ್ಬಿಸಿದಳು. ಅದರಲ್ಲಿ ರ‍್ಯಾಬಿಟ್‌ಎಂಕ್ಯೂ, ಗುಂಪಿಲ್ಲ, ಗೆಳೆಯರಿಲ್ಲ. ಶವಲ್ ಜೋಡಿಸಿದಳು. ಒಂದು ಸಾಲಿನಿಂದ ಎತ್ತುತ್ತದೆ, ಇನ್ನೊಂದಕ್ಕೆ ಸುರಿಯುತ್ತದೆ. ಅತ್ತ ತಲುಪಿತೆಂಬ ಒಪ್ಪಿಗೆ ಬಂದ ಮೇಲೆ ಮಾತ್ರ ಇತ್ತ ಅಳಿಸುತ್ತದೆ. ಸುರಿಯಿತು. ಸಾವಿರ. ಹತ್ತು ಸಾವಿರ. ಐದನೇ ಯಂತ್ರದ ಸಾಲು ಕರಗಿತು. ಸೊನ್ನೆಯಾಯಿತು.

ದತ್ತಾಂಶದ ಕಡತಗಳ ಒಂದು ನಕಲನ್ನೂ ಪಕ್ಕಕ್ಕೆ ಎತ್ತಿಟ್ಟಳು. ಆಮೇಲೆ ನಾಲ್ಕು, ಐದು, ಎರಡಕ್ಕೂ ನಿಲ್ಲುವ ಆಜ್ಞೆ. ಬದುಕಿರುವ ಯಂತ್ರವನ್ನು ಬೇಕೆಂದೇ ಕೆಡವುವ ಆ ಒಂದು ಕೀಲಿಯ ಮೇಲೆ ಅವಳ ಬೆರಳು ಒಂದು ಗಳಿಗೆ ತಡೆಯಿತು. ಒತ್ತಿದಳು. ಏಳುವ ಆಜ್ಞೆ ಕೊಟ್ಟಳು. ನಾಲ್ಕನೆಯದು ಎದ್ದಿತು, ಬೆಂಗಳೂರನ್ನು ಗುರುತಿಸಿತು, ಸೇರಿತು.

ಐದನೆಯದು?

ತಕರಾರು. ದತ್ತಾಂಶ ಹೊಂದುತ್ತಿಲ್ಲ, ಒಡೆದ ಜಾಲದಲ್ಲಿ ಓಡಿದ್ದೀಯ ಎಂದು ಲಾಗ್ ಗೋಗರೆಯಿತು. ಉಳಿದದ್ದು ಒಂದೇ ದಾರಿ. ಐದನೆಯದನ್ನು ಮರೆತುಬಿಡಿ ಎಂದು ಗುಂಪಿಗೆ ಹೇಳುವುದು. ಅದರ ನೆನಪನ್ನೆಲ್ಲ ಒರೆಸುವುದು. ಹೊಸಬನಂತೆ ಸೇರಿಸುವುದು. ಒರೆಸಿದ್ದು ಮರಳಿ ಬರುವುದಿಲ್ಲ. ಸಂದೇಶಗಳೆಲ್ಲ ಹೊರಗೆ ಬಂದಿವೆಯೇ? ಒಂಟಿ ಸರ್ವರಿನ ಎಣಿಕೆ ನೋಡಿದಳು. ಶವಲ್ ಸಾಗಿಸಿದ ಎಣಿಕೆ ನೋಡಿದಳು. ತಾಳೆಯಾಯಿತು. ಒರೆಸಿದಳು. ಸೇರಿಸಿದಳು.

ಐದಕ್ಕೆ ಐದು. ಬಿರುಕಿನ ಕೆಂಪು ಸಾಲು ಮಾಯ.

ಇನ್ನೂ ಒಂದು ಬಲೆ ಉಳಿದಿತ್ತು. ಒಡೆಯುವ ಮೊದಲೇ ಸಾಲಿನಲ್ಲಿದ್ದ ಕೋರಿಕೆಗಳು ಎರಡೂ ಕಡೆ ಪ್ರತಿಯಾಗಿ ಉಳಿದಿದ್ದವು. ಮುಂಬೈಯದನ್ನು ಹಾಗೇ ಸುರಿದರೆ ಕೆಲವು ಆಸ್ಪತ್ರೆಗೆ ಒಂದೇ ಔಷಧ ಎರಡು ಸಲ. ಕೋರಿಕೆ ಸಂಖ್ಯೆಯನ್ನು ದತ್ತಾಂಶ ಕೋಶ ಪರೀಕ್ಷಿಸಿ ಎರಡನೆಯದನ್ನು ತಳ್ಳಿಹಾಕುತ್ತದೆ. ಚೀಟಿ ಮುದ್ರಿಸುವ ಕಾರ್ಯಕ್ರಮಕ್ಕೆ ಆ ಪರೀಕ್ಷೆಯೇ ಇರಲಿಲ್ಲ! ಸುರಿಯಲು ಹೋದ ಬೆರಳು ಕೊನೇ ಗಳಿಗೆಯಲ್ಲಿ ಹಿಂದೆ ಸರಿಯಿತು. ಮೊದಲು ಮುದ್ರಣ ನಿಲ್ಲಿಸಿದಳು. ಆಮೇಲೆ ಶವಲ್ಲನ್ನು ಬೆಂಗಳೂರಿನ ಕಡೆಗೆ ತಿರುಗಿಸಿದಳು. ಜೋಡಿಗಳು ಉದುರಿಹೋದವು. ಶುದ್ಧವಾದ ಪಟ್ಟಿಯ ಮೇಲೆ ಮುದ್ರಣ ಬಿಟ್ಟಳು.

5.40. ಸಾಲು ಸೊನ್ನೆ. ಆರಕ್ಕೆ ವ್ಯಾನುಗಳು ಹೊರಟವು.

ಅವಳು ಮಲಗಿ ಎದ್ದ ಮೇಲೆ ಸುಮ್ಮನಿರಲಿಲ್ಲ. ಬರೆದಳು, ವಾದಿಸಿದಳು, ಬೆಂಗಳೂರಿಗೆ ಓಡಾಡಿದಳು. ಸಾವಿರ ಕಿಲೋಮೀಟರಿನ ಗುಂಪನ್ನು ಬಿಚ್ಚಿಸಿದಳು. ಬೆಂಗಳೂರಿನಲ್ಲಿ ಮೂರರ ಒಂದು ಗುಂಪು, ಮುಂಬೈಯಲ್ಲಿ ಮೂರರ ಇನ್ನೊಂದು. ಎರಡರೊಳಗೂ ಕೋರಂ ಸಾಲುಗಳು. 2019ರಲ್ಲಿ ಬಂದವು ಅವು, ರಾಫ್ಟ್ ಎಂಬ ಒಮ್ಮತ ವಿಧಾನದವು. ಮೂವರಲ್ಲಿ ಇಬ್ಬರು ಬರೆದುಕೊಂಡೆವು ಅನ್ನುವವರೆಗೆ ಸಂದೇಶ ಸ್ವೀಕಾರವೇ ಆಗದು. ಒಂಟಿಯಾದವರಿಗೆ ಪಟ್ಟವಿಲ್ಲ. ಊರಿಂದೂರಿಗೆ ಶವಲ್ ಮಾತ್ರ. ರೂಟರುಗಳಲ್ಲಿ ಪೊಟ್ಟಣದ ಗಾತ್ರಕ್ಕೆ ಕಡಿವಾಣ.

ಆಮೇಲೆ ಒಂದು ಹಾಡಹಗಲು, ಎಲ್ಲರೂ ಎಚ್ಚರವಾಗಿದ್ದು ನೋಡುತ್ತಿರುವಾಗ, ಮುಂಬೈಗೆ ಫೋನು ಹಚ್ಚಿದಳು.

"ಅಣ್ಣಾ, ದೊಡ್ಡ ಲಿಂಕಿನ ಕೇಬಲ್ ಎಳೀರಿ."

"ಖರೇನ ಎಳೀಲೇನ್ರಿ ಮೇಡಂ?"

"ಎಳೀರಿ."

ಎಳೆದರು. ಬ್ಯಾಕಪ್ ಎದ್ದಿತು. ಗುಂಪುಗಳು ಕದಲಲಿಲ್ಲ. "ಈಗ ಬ್ಯಾಕಪ್ಪೂ ಎಳೀರಿ" ಅಂದಳು. ಎಳೆದರು. ಎರಡು ಊರು ಪೂರ್ತಿ ಕಡಿದುಹೋದವು. ಶವಲ್ಲಿನ ಹಿಂದೆ ಸಂದೇಶಗಳು ಪೇರಿಸಿಕೊಂಡವು, ಎರಡೂ ಕಡೆ ಕೋರಿಕೆಗಳು ಬರುತ್ತಲೇ ಇದ್ದವು, ಯಾವ ಯಂತ್ರವೂ ಇನ್ನೊಂದನ್ನು ಸತ್ತಿತೆನ್ನಲಿಲ್ಲ. ಅರ್ಧ ಗಂಟೆ ಬಿಟ್ಟು ಕೇಬಲ್ ಚುಚ್ಚಿಸಿದಳು. ಸಾಲು ಸುರಿದು ಸೊನ್ನೆಯಾಯಿತು. ಎರಡೂ ಊರಿನ ಎಣಿಕೆ ಪಕ್ಕಪಕ್ಕ ಇಟ್ಟು ನೋಡಿದರು. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ.